ಸೋಪು ಸವರದ ಕನ್ನಡಿ

"ನಿಲ್ಸಿ! ಅಲ್ಲೇ ನಿಲ್ಸಿ!" ಎಂದು ಪತ್ತೇದಾರ ಕುರ್ಚಿಯಿಂದ ಅರ್ಧ ಎದ್ದ.

"ನಿಲ್ಸೋಕಾಗಲ್ಲ ಸಾರ್," ಹಿಂದಿನ ಗೋಡೆಯ ಕಿಂಡಿಯಿಂದ ಪ್ರೊಜೆಕ್ಟರ್ ತಿರುಗಿಸುವ ಮುದುಕನ ದನಿ ಬಂತು. "ದೀಪದ ಮುಂದೆ ಫಿಲ್ಮು ನಿಂತ್ರೆ ಭಗ್ ಅಂತ ಹೊತ್ಕೊಳ್ಳುತ್ತೆ. ಫಿಲ್ಮೂ ಹೋಗುತ್ತೆ, ಜೊತೆಗೆ ನಾನೂ ಹೋಗ್ತೀನಿ. ಬೇಕಿದ್ರೆ ಇನ್ನೊಂದ್ಸಲ ಓಡಿಸ್ತೀನಿ."

ಅಷ್ಟರಲ್ಲಿ ರೀಲು ಮುಗಿದು ಪರದೆಯ ಮೇಲೆ ಬರೀ ಬಿಳಿ ಬೆಳಕು ಉಳಿಯಿತು.

ಆ ಬೆಳಕಿನಲ್ಲಿ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಕ್ಕ ತನ್ನ ಕರಿ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. ಸ್ಟುಡಿಯೋದಲ್ಲಿ ಎಲ್ಲರಿಗೂ ಅವಳು ಅಕ್ಕ. ತಾರೆಗೆ ಬಣ್ಣ ಹಚ್ಚುವವಳು, ತಾರೆಯ ಕೂದಲು ಬಾಚುವವಳು, ತಾರೆಗೆ ಹೊಟ್ಟೆ ನೋವು ಬಂದರೆ ಬಿಸಿನೀರಿನ ಚೀಲ ಹಿಡಿದು ಕೂರುವವಳು. ತಾರೆ ಅಕ್ಕ ಎಂದು ಕರೆದಳು, ಹಾಗಾಗಿ ಮಾಲೀಕನಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರೂ ಅಕ್ಕ ಎಂದೇ ಕರೆದರು.

ಆ ತಾರೆ, ಅಂದರೆ ಅವಳ ಒಡಹುಟ್ಟಿದ ತಂಗಿ, ಶಾಟ್ ಮುಗಿಸಿ ತನ್ನ ಕೋಣೆಗೆಂದು ಹೊರಟವಳು ಕೋಣೆ ಸೇರದೆ ಮಾಯವಾಗಿ ವಾರ ತುಂಬುತ್ತ ಬಂದಿತ್ತು.

ಈಗ ಓಡಿದ್ದು ಆ ಶಾಟೇ. ಹೆಚ್ಚೇನಿಲ್ಲ ಅದರಲ್ಲಿ. ಕನ್ನಡಿ ಮೇಜಿನ ಮುಂದೆ ಬೆನ್ನು ತೋರಿಸಿ ಕುಳಿತ ಹೆಂಗಸು ಕೊರಳಿನ ಮುತ್ತಿನ ಸರ ಬಿಚ್ಚಿಡುತ್ತಾಳೆ, ಅಷ್ಟೇ. ಕಥೆಗೆ ಬೇಕಾದದ್ದು ಆ ಬೆನ್ನು ಮಾತ್ರ. ಆದರೆ ಸರ ಬಿಚ್ಚಿಟ್ಟ ಹೆಂಗಸು ಇದ್ದಕ್ಕಿದ್ದ ಹಾಗೆ ಒಂದು ಪಕ್ಕಕ್ಕೆ ವಾಲಿ, ಹಿಂದಕ್ಕೆ ತಿರುಗಿ ನೋಡುತ್ತಾಳೆ. ಮೂಗು ತಾರೆಯದು, ಗದ್ದ ತಾರೆಯದು. ಕಣ್ಣಿರಬೇಕಾದ ಜಾಗದಲ್ಲಿ ಮಾತ್ರ ಎರಡು ಬಿಳಿ ಬಿಲ್ಲೆ.

ಪತ್ತೇದಾರ ಮತ್ತೆ ಕುಳಿತ. ಗುಂಡಗಿನ ಮನುಷ್ಯ. ಅಲೆದೂ ಅಲೆದೂ ಪಾದ ಊದಿಕೊಂಡಿದೆ ಎಂದು ಒಳಗೆ ಬಂದವನೇ ಬೂಟು ಬಿಚ್ಚಿ ಕುರ್ಚಿಯ ಕೆಳಗೆ ತಳ್ಳಿದ್ದ. ಕಾಲ್ಚೀಲದ ತೂತಿನಿಂದ ಹೆಬ್ಬೆರಳು ಇಣುಕಿ ಅಲ್ಲಾಡುತ್ತಿತ್ತು. ಇಂಥವನ ಕೈಗೆ ಸಿಕ್ಕಿಬೀಳುವುದು ಹೇಗೆ ಸಾಧ್ಯ ಎಂದು ಅಕ್ಕ ಧೈರ್ಯ ತಂದುಕೊಂಡಿದ್ದಳು.

"ಅಮ್ಮಾ," ಅವನು ಮೆಲ್ಲಗೆ ಕೇಳಿದ, "ನಿಮ್ಮ ತಂಗಿ ಕಣ್ಣು ಯಾವ ಬಣ್ಣ?"

"ಕಪ್ಪು. ಊರಿಗೆಲ್ಲ ಗೊತ್ತಿರೋದೇ."

"ನಿಮ್ಮದು?"

ಕತ್ತಲೆ ಕೋಣೆಯೊಳಗೂ ಅಕ್ಕ ಕಪ್ಪು ಕನ್ನಡಕ ತೆಗೆದಿರಲಿಲ್ಲ.

"ಅದನ್ನ ಸ್ವಲ್ಪ ತೆಗೀತೀರಾ?"

ತೆಗೆಯಬಾರದು ಎಂದುಕೊಂಡವಳು ತೆಗೆದೇಬಿಟ್ಟಳು. ಯಾಕೆ ತೆಗೆಯಬಾರದು? ಪತ್ತೇದಾರ ಒಂದು ಗಳಿಗೆ ಕೇಳಬೇಕಾದದ್ದನ್ನೇ ಮರೆತ. ತಿಳಿ ನೀಲಿ ಬೆಕ್ಕಿನ ಕಣ್ಣು. ಗಂಡಸರು ಆ ಕಣ್ಣು ನೋಡಿ ಮಾತು ಮರೆಯುವುದು ಅವಳಿಗೆ ಹೊಸದಲ್ಲ, ಆದರೆ ಅದನ್ನು ಕಂಡು ಬಹಳ ದಿನವಾಗಿತ್ತು. ಈ ಹೊತ್ತಿನಲ್ಲೂ ಅವಳಿಗೆ ಹಿತವಾಯಿತು.

ಕಣ್ಣಿನ ಕಥೆ ಇದೇ ಕೋಣೆಯಲ್ಲಿ ಶುರುವಾದದ್ದು. ಹುಡುಗಿಯಾಗಿದ್ದಾಗ ಪಾತ್ರ ಕೇಳಿಕೊಂಡು ಈ ಸ್ಟುಡಿಯೋಗೆ ಬಂದವಳು ಅಕ್ಕ. ಚಿಕ್ಕವಳು ಬಂದದ್ದು ಅಕ್ಕನ ಬಾಚಣಿಗೆ ಚೀಲ ಹಿಡಿದುಕೊಂಡು, ಜೊತೆಗೆ. ಅಕ್ಕ ಬೀದಿಗಿಳಿದರೆ ಸೈಕಲ್ಲಿನವರು ಕಂಬಕ್ಕೆ ಹಾಯುತ್ತಿದ್ದ ಕಾಲ ಅದು. ಮಾಲೀಕ ಬಾಯಿ ಬಿಟ್ಟುಕೊಂಡು ನೋಡಿದ, ಹೊಸದಾಗಿ ಸೇರಿದ್ದ ಕ್ಯಾಮೆರಾದವನು ಹಿಡಿಕೆ ತಿರುಗಿಸಿದ.

ಆದರೆ ಆಗಿನ ಫಿಲ್ಮಿಗೆ ನೀಲಿ ಎಂದರೆ ಬಿಳಿ, ಕೆಂಪು ಎಂದರೆ ಕಪ್ಪು. ಆಕಾಶ ಸುಣ್ಣ ಬಳಿದ ಗೋಡೆಯಾಗುತ್ತಿತ್ತು, ಕೆಂಪು ತುಟಿ ಮಸಿಯಾಗುತ್ತಿತ್ತು. ಮಾರನೆ ದಿನ ಇದೇ ಪರದೆಯ ಮೇಲೆ ಅಕ್ಕ ಕುರುಡಿಯಾಗಿ ಬಂದಳು. "ಕುರುಡಿ ಪಾತ್ರ ಇದ್ದಾಗ ಹೇಳಿ ಕಳಿಸ್ತೀವಮ್ಮ," ಎಂದು ಮಾಲೀಕ ನಕ್ಕ, ಸುತ್ತಲಿದ್ದವರೂ ನಕ್ಕರು. ಆಮೇಲೆ ರೀಲಿನ ತುದಿಗೆ, ಮಿಕ್ಕ ಫಿಲ್ಮು ದಂಡವಾಗಬಾರದೆಂದು ಸುಮ್ಮನೆ ತೆಗೆದಿದ್ದ ಇನ್ನೊಂದು ಮುಖ ಬಂತು. ಬಾಚಣಿಗೆ ಚೀಲ ಎದೆಗವಚಿಕೊಂಡು ನಿಂತ ಚಿಕ್ಕವಳು, ಅವಳ ಕಪ್ಪು ಕಣ್ಣು. ನಗು ನಿಂತು ಕೋಣೆ ಸ್ತಬ್ಧವಾಯಿತು.

ಅಂದು ಹೊತ್ತಿಕೊಂಡ ಹೊಟ್ಟೆಕಿಚ್ಚು ಇಂದಿಗೂ ಆರಿರಲಿಲ್ಲ. ಬೀದಿಬೀದಿಯ ಗೋಡೆಯ ಮೇಲೆ ತಂಗಿಯ ಪೋಸ್ಟರು ಕಂಡರೆ ಅಕ್ಕ ಎದುರುಗಡೆಯ ಕಾಲುದಾರಿ ಹಿಡಿಯುತ್ತಿದ್ದಳು. ಮೊದಮೊದಲು ಬಣ್ಣ ಹಚ್ಚುವಾಗ ಬೇಕೆಂದೇ ಒಂದು ಹುಬ್ಬು ಓರೆ ಮಾಡಿ ನೋಡಿದ್ದಳು. ಹುಡುಗಿಯರು ಓರೆ ಹುಬ್ಬೇ ಫ್ಯಾಶನ್ ಎಂದು ಹಚ್ಚಿಕೊಂಡರು! ಏನು ಮಾಡಿದರೂ ತಂಗಿಯ ಅದೃಷ್ಟಕ್ಕೆ ಮೆಟ್ಟಿಲಾಗುವುದೇ ತನ್ನ ಹಣೆಬರಹ ಎಂದು ಆಮೇಲೆ ಕೈಬಿಟ್ಟಳು.

ಚಿಕ್ಕವಳೇನೂ ಕಡಿಮೆಯಲ್ಲ. ಒಂದು ಸಮಾರಂಭದಲ್ಲಿ ಬಂದವರೆಲ್ಲ ತಾರೆಗೆ ಕೈ ಮುಗಿದು, ಕಣ್ಣು ಮಾತ್ರ ಹಿಂದೆ ನಿಂತಿದ್ದ ಅಕ್ಕನ ಮೇಲೆ ನೆಟ್ಟಿದ್ದರು. ಮಾರನೆ ದಿನವೇ ಈ ಕಪ್ಪು ಕನ್ನಡಕ ಬಂತು. "ಬೆಳಕಿಗೆ ನಿನ್ನ ಕಣ್ಣು ನೋಯುತ್ತಲ್ವಾ ಅಕ್ಕಾ, ಹಾಕ್ಕೋ," ಎಂದಳು ಚಿಕ್ಕವಳು. ನೋಯುತ್ತಿದ್ದದ್ದು ಯಾರ ಕಣ್ಣೆಂದು ಇಬ್ಬರಿಗೂ ಗೊತ್ತಿತ್ತು.

"ಅಮ್ಮಾ," ಪತ್ತೇದಾರ ಎಚ್ಚೆತ್ತವನಂತೆ ಕೆಮ್ಮಿದ. "ಪರದೆ ಮೇಲೆ ಕೂತಿದ್ದು ನೀವು."

"ಕೂತಿದ್ದೆ. ತಪ್ಪೇನು?"

"ವಾರದಿಂದ ಬಾಯಿ ಬಿಡಲಿಲ್ಲವಲ್ಲ, ಅದು ತಪ್ಪು. ತಾರೆ ಆ ಶಾಟ್ ಮುಗಿಸಿ ಹೋದರು ಅಂತ ನಾವೆಲ್ಲ ಆಮೇಲಿನ ಹೊತ್ತು ಹುಡುಕ್ತಾ ಇದ್ವಿ. ಅವರು ಅದಕ್ಕೆ ಮೊದಲೇ ಕಾಣೆಯಾಗಿದ್ದರು. ಆ ಹೊತ್ತನ್ನ ಮುಚ್ಚಿಟ್ಟೋರು ನೀವು. ನಾನು ಏನಂತ ತಿಳ್ಕೋಬೇಕು?"

"ನಾನು ಅವಳನ್ನ ಏನೂ ಮಾಡಲಿಲ್ಲ!"

"ಮಾಡಿದ್ರಿ ಅಂತ ನಾನಂದಿಲ್ಲ. ಏನಾಯ್ತು ಹೇಳಿ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅಕ್ಕನಿಗೂ ಗೊತ್ತಾಗಿತ್ತು.

"ತಲೆ ಸಿಡೀತಿದೆ ಅಂದಳು. ಮಾಲೀಕರು ಆವತ್ತು ಬೇಗ ಹೋಗಿದ್ದರು, ಬೆನ್ನಿನ ಶಾಟ್ ಒಂದು ಉಳಿದಿದೆ, ಬಿಸಿಲು ಇಳಿಯೋದ್ರೊಳಗೆ ತೆಗೆದುಬಿಡಿ ಅಂತ ಕ್ಯಾಮೆರಾ ತಿರುಗಿಸೋ ನಮ್ಮನೆಯವರಿಗೆ ಹೇಳಿ. ಬೇರೆ ಯಾರೂ ಬೇಕಿರಲಿಲ್ಲ. ಬೆನ್ನು ತಾನೇ ಅಕ್ಕಾ, ನೀನೇ ಕೂತ್ಕೋ, ನಾನು ಒಳಗೆ ಸ್ವಲ್ಪ ಮಲಗ್ತೀನಿ ಅಂದಳು. ಭಾವನಿಗೂ ಹೇಳೋದು ಬೇಡ, ಗೊತ್ತಾಗುತ್ತೋ ಇಲ್ವೋ ನೋಡೋಣ ಅಂತ ನಕ್ಕಳು."

"ನಿಮ್ಮ ಯಜಮಾನರಿಗೆ ಗೊತ್ತಾಗಲಿಲ್ಲ ಅನ್ನಿ."

ಅಕ್ಕನ ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗು ಬಂದು ಹೋದದ್ದು ಅವಳಿಗೇ ತಿಳಿಯಲಿಲ್ಲ.

"ಶಾಟ್ ಆದ್ಮೇಲೆ?"

"ಕೋಣೆಗೆ ಹೋದೆ. ಅವಳಿರಲಿಲ್ಲ. ಇಲ್ಲೇ ಎಲ್ಲೋ ಹೋಗಿದ್ದಾಳೆ ಅಂತ ಬಣ್ಣ ತೊಳ್ಕೊಂಡು ಕಾಯ್ತಾ ಕೂತೆ. ಕತ್ತಲಾಯ್ತು. ನಾನೊಬ್ಬಳೇ ಮನೆಗೆ ನಡ್ಕೊಂಡು ಹೋದೆ. ಬೆಳಿಗ್ಗೆ ನೋಡಿದ್ರೆ ಊರೆಲ್ಲ ಗುಲ್ಲು."

"ಆಗ್ಲಾದ್ರೂ ಹೇಳಬಹುದಿತ್ತಲ್ಲಮ್ಮ?"

"ಹೇಳಿದ್ರೆ ಆ ಶಾಟ್ ಕತ್ತರಿಸಿ ಬಿಸಾಕ್ತಿದ್ರು!"

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ಕೆಟ್ಟದಾಗಿ ಕೇಳಿಸಿತೆಂದು ಅಕ್ಕನಿಗೆ ನಾಚಿಕೆಯಾಯಿತು. ಆದರೆ ಸುಳ್ಳೇನಲ್ಲ. ತಂಗಿ ಬದುಕಿದ್ದಾಳೋ ಇಲ್ಲವೋ ಎಂದು ಮನಸ್ಸಿನ ಅರ್ಧ ಹೆದರುತ್ತಿದ್ದಾಗ, ಇನ್ನರ್ಧ ಊರಿನ ದೊಡ್ಡ ಚಿತ್ರಮಂದಿರದಲ್ಲಿ ತನ್ನ ಬೆನ್ನನ್ನು, ತನ್ನ ಕೊರಳನ್ನು ಜನ ಕಣ್ಣರಳಿಸಿ ನೋಡುವುದನ್ನು ಕಾಯುತ್ತಿತ್ತು. ಅಷ್ಟು ವರ್ಷದ ಉರಿಗೆ ಅದು ಬೊಗಸೆ ನೀರು.

"ಸರಿ," ಪತ್ತೇದಾರ ಹೇಳಿದ. "ನನಗೆ ಇದೊಂದು ಅರ್ಥವಾಗ್ತಿಲ್ಲ. ಬೆನ್ನು ತೋರಿಸಿ ಕೂತಿದ್ದರೆ ಈ ಜನ್ಮದಲ್ಲಿ ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕೆ ತಿರುಗಿದ್ರಿ?"

"ತಿರುಗು ಅಂದ್ರು."

"ಯಾರು?"

"ಇನ್ಯಾರು, ನಮ್ಮನೆಯವರು. ಈ ಚಿತ್ರಕ್ಕೆ ಮಾತಿಲ್ಲವಲ್ಲ ಸಾರ್, ಹಿಡಿಕೆ ತಿರುಗಿಸ್ತಾನೇ ಏನು ಬೇಕಾದ್ರೂ ಕೂಗಬಹುದು. ಆ ಕಡೆ ನೋಡು, ಈಗ ಅಳು, ಸರ ಬಿಚ್ಚು ಅಂತ ಕೂಗ್ತಾನೇ ಇರ್ತಾರೆ."

"ಏನಂತ ಕೂಗಿದ್ರು? ಅವರು ಅಂದದ್ದನ್ನ ಹಾಗೇ ಹೇಳಿ."

ಅಕ್ಕ ತಲೆ ಎತ್ತಿದಳು. ಇದನ್ನು ಹೇಳಲು ಅವಳಿಗೆ ವಾರದಿಂದ ಯಾರೂ ಸಿಕ್ಕಿರಲಿಲ್ಲ.

"ಬೆಕ್ಕೇ, ಇತ್ತ ತಿರುಗು ಅಂದ್ರು."

"ಬೆಕ್ಕೇ?"

"ಮನೇಲಿ ನನ್ನನ್ನ ಹಾಗೇ ಕರೆಯೋದು. ಅವರೊಬ್ಬರೇ ಕರೆಯೋದು."

ಹೌದು, ಗಂಡನಿಗೆ ಗೊತ್ತಾಗಿತ್ತು! ತಾರೆಯ ಉಡುಪು, ತಾರೆಯ ಮುತ್ತಿನ ಸರ, ತಾರೆಯ ಕೂದಲ ಗಂಟು, ಏನಿದ್ದರೂ ಬೆನ್ನು ನೋಡಿಯೇ ಹೆಂಡತಿಯನ್ನು ಗುರುತು ಹಿಡಿದಿದ್ದ. "ಫಿಲ್ಮಿಗೆ ಕಾಣದ ಕಣ್ಣನ್ನ ನಾನು ನೋಡ್ಕೋತೀನಿ ಬಿಡು," ಎಂದು ಹೇಳಿ ಮದುವೆಯಾದವನು ಅವನು. ಆಮೇಲೆ ಹಗಲೆಲ್ಲ ಕ್ಯಾಮೆರಾದ ಗಾಜಿನಲ್ಲಿ ನಾದಿನಿಯ ಮುಖ ನೋಡಿ ನೋಡಿ, ಮನೆಗೆ ಬಂದರೆ ಊಟಕ್ಕೆ ಕೂತು ತಟ್ಟೆ ನೋಡುತ್ತಿದ್ದ, ಮಲಗಿ ಸೂರು ನೋಡುತ್ತಿದ್ದ. ತನ್ನನ್ನು ಮದುವೆಯಾದದ್ದೇ ಚಿಕ್ಕವಳ ಹತ್ತಿರ ಇರುವುದಕ್ಕಿರಬಹುದೇ ಎಂದು ಅಕ್ಕ ಎಷ್ಟೋ ಸಲ ತಲೆದಿಂಬು ಕಚ್ಚಿಕೊಂಡು ಅತ್ತಿದ್ದಳು. ಆ ಮನುಷ್ಯ ಆವತ್ತು ಬೆಕ್ಕೇ ಎಂದ. ಅವಳು ತಿರುಗಿದಳು. ಗಾಜಿನ ಸೂರಿನ ಬಿಸಿಲನ್ನು ಬೆಳ್ಳಿ ಹಲಗೆಗಳು ನೇರ ಮುಖಕ್ಕೆ ಎಸೆಯುತ್ತಿದ್ದವು, ಎದುರಿಗೆ ಏನೂ ಕಾಣಿಸಲಿಲ್ಲ, ಹಿಡಿಕೆಯ ಟರಟರ ಸದ್ದಿನ ನಡುವೆ ಒಂದು ಸಣ್ಣ ನಗು ಮಾತ್ರ ಕೇಳಿಸಿತು. ತನ್ನನ್ನು ನೋಡಿದ ಸಂತೋಷಕ್ಕೆ ಅವನು ನಕ್ಕನೆಂದು ಅವಳ ಎದೆ ತುಂಬಿ ಬಂತು.

ಅದೊಂದೇ ಅಲ್ಲ. ಇನ್ನೂ ಒಂದಿತ್ತು, ಅದನ್ನು ಪತ್ತೇದಾರನಿಗೆ ಯಾಕೆ ಹೇಳಬೇಕು? ಮಾರನೆ ದಿನ ಬೆಳಿಗ್ಗೆ ಎದ್ದು ನೋಡಿದರೆ ಅವಳ ಈ ಶಾಲು ಹಿತ್ತಲ ಹಗ್ಗದ ಮೇಲೆ ಒದ್ದೆಯಾಗಿ ನೇತಾಡುತ್ತಿತ್ತು. "ನೀನು ಕೋಣೆಯಲ್ಲೇ ಮರೆತುಬಿಟ್ಟಿದ್ದೆ, ನಾನೇ ತಂದೆ. ಫಿಲ್ಮ್ ತೊಳೆಯೋ ಔಷಧಿ ಚೆಲ್ಲಿಬಿಡ್ತು, ಕಲೆಯಾಗುತ್ತೆ ಅಂತ ಒಗೆದು ಹಾಕಿದೆ," ಎಂದಿದ್ದ ಗಂಡ. ಮದುವೆಯಾದ ಲಾಗಾಯ್ತಿನಿಂದ ತನ್ನ ಕರವಸ್ತ್ರವನ್ನೂ ಒಗೆದುಕೊಳ್ಳದ ಗಂಡ! ಅಕ್ಕ ಆ ಶಾಲನ್ನು ಅಂದಿನಿಂದ ಮೈಮೇಲಿಂದ ಇಳಿಸಿರಲಿಲ್ಲ. ಸೋಪಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಅಮ್ಮಾ," ಪತ್ತೇದಾರ ನೆಲ ನೋಡುತ್ತ ಹೇಳಿದ, "ಈ ರೀಲು ನನ್ನ ಕೈಗೆ ಹೇಗೆ ಬಂತು ಅಂತ ನೀವು ಕೇಳಲೇ ಇಲ್ಲ."

"ಮಾಲೀಕರು ಕೊಟ್ಟಿರಬೇಕು."

"ಮಾಲೀಕರು ಅದನ್ನ ನೋಡೇ ಇಲ್ಲ. ನಿನ್ನೆ ಸಂಜೆ ನಮ್ಮನೆಗೇ ತಂದುಕೊಟ್ಟರು, ನಿಮ್ಮ ಯಜಮಾನರು."

ಅಕ್ಕ ಕೈಯಲ್ಲಿದ್ದ ಕನ್ನಡಕವನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು.

"ಏನಂದ್ರು?" ಅಕ್ಕನ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಹೇಳಬೇಕಾ?"

"ಹೇಳಿ."

"ಶಾಟ್ ತೆಗೆಯುವಾಗ ನಾದಿನಿಯೇ ಅಂದುಕೊಂಡಿದ್ದೆ, ರೀಲು ತೊಳೆದ ಮೇಲೆ ಕಣ್ಣು ನೋಡಿ ಎದೆ ಧಸಕ್ಕಂತು ಅಂದ್ರು. ನನ್ನ ಹೆಂಡತಿಗೆ ತಂಗಿ ಕಂಡರೆ ಮೊದಲಿಂದ ಹೊಟ್ಟೆಕಿಚ್ಚು, ಅವಳೇ ಏನೋ ಮಾಡಿ ಅವಳ ಜಾಗದಲ್ಲಿ ಕೂತಿದ್ದಾಳೆ, ಕಟ್ಕೊಂಡವಳು ಅಂತ ಮುಚ್ಚಿಡೋಕೆ ನನ್ನ ಮನಸ್ಸು ಒಪ್ಪಲಿಲ್ಲ ಅಂದ್ರು. ಕಣ್ಣೊರೆಸಿಕೊಂಡ್ರು ಕೂಡ."

"ಸುಳ್ಳು."

"ಯಾವುದು?"

"ಅಂದುಕೊಂಡಿದ್ದೆ ಅನ್ನೋದು ಸುಳ್ಳು! ಬೆಕ್ಕೇ ಅಂತ ಕರೆದವರಿಗೆ ನಾನು ಅಂತ ಗೊತ್ತಿರಲಿಲ್ವಾ?"

"ಅವರು ಹಾಗೆ ಕರೆದರು ಅನ್ನೋದಕ್ಕೆ ಸಾಕ್ಷಿ ಏನಮ್ಮ? ಮೂಕಿ ಚಿತ್ರ. ಅದರಲ್ಲಿ ನಿಮ್ಮ ಮುಖ ಬಿದ್ದಿದೆ, ಅವರ ಮಾತು ಬಿದ್ದಿಲ್ಲ."

ಅಕ್ಕ ಎದ್ದು ನಿಂತಳು, ಮತ್ತೆ ಕುಳಿತಳು. ಗಂಡ ತನ್ನನ್ನು ತಿರುಗು ಎಂದದ್ದು ನೋಡುವುದಕ್ಕಲ್ಲ, ತೋರಿಸುವುದಕ್ಕೆ. ಬಿಳಿಯಾಗಿ ಬೀಳುವ ಈ ಕಣ್ಣು ಫಿಲ್ಮಿನಲ್ಲಿ ಬೀಳಲಿ ಎಂದೇ ಕರೆದದ್ದು. ಹಿಂದೆ ಇದೇ ಕೋಣೆಯಲ್ಲಿ ಊರೆಲ್ಲ ನಕ್ಕಾಗ ಆದ ಅವಮಾನ ಇದರ ಮುಂದೆ ಏನೂ ಅಲ್ಲ.

"ಇನ್ನೊಂದ್ಸಲ ಓಡಿಸಿ," ಎಂದಳು.

"ಯಾಕಮ್ಮ, ಸುಮ್ಮನೆ ಸಂಕಟ."

"ಓಡಿಸೋಕೆ ಹೇಳಿ. ಅವರು ಏನು ನೋಡಿದ್ರೋ ನಾನೂ ಸರಿಯಾಗಿ ನೋಡಬೇಕು."

ಮುದುಕ ರೀಲನ್ನು ಹಿಂದಕ್ಕೆ ಸುತ್ತಿ ಮತ್ತೆ ಹಿಡಿಕೆ ತಿರುಗಿಸಿದ. ಬೆನ್ನು. ಕೊರಳು. ಸರ ಮೇಜಿನ ಮೇಲೆ ಇಳಿಯಿತು. ಹೆಂಗಸು ಪಕ್ಕಕ್ಕೆ ವಾಲಿ ತಿರುಗಿದಳು, ಬಿಳಿ ಕಣ್ಣು ಬಂತು. ಆ ಮುಖ ನೋಡಲಾರದೆ ಅಕ್ಕ ಕಣ್ಣು ಪಕ್ಕಕ್ಕೆ ಹೊರಳಿಸಿದಳು. ವಾಲಿದ ಮೈಯ ಹಿಂದಿನಿಂದ ಕನ್ನಡಿ ಹೊರಬಂದಿತ್ತು.

ಅವಳು ಮುಂದಕ್ಕೆ ಬಗ್ಗಿದಳು. ಅಷ್ಟರಲ್ಲಿ ರೀಲು ಮುಗಿಯಿತು.

"ಕನ್ನಡಿ ಹೊಳೀತಿದೆ," ಎಂದಳು.

"ಕನ್ನಡಿ ಹೊಳೀದೆ ಇನ್ನೇನು ಮಾಡುತ್ತೆ?"

"ಚಿತ್ರದಲ್ಲಿ ಹೊಳೀಬಾರದು ಸಾರ್. ಎದುರಿಗಿರೋ ಕ್ಯಾಮೆರಾ ಎಲ್ಲ ಅದರಲ್ಲಿ ಕಾಣುತ್ತೆ. ಶಾಟ್‌ಗೆ ಮುಂಚೆ ಒಣ ಸೋಪು ತಗೊಂಡು ಗಾಜಿಗೆಲ್ಲ ಸವರಿಬಿಡ್ತೀವಿ, ಮಬ್ಬಾಗುತ್ತೆ." ಅವಳ ಕೈ ಗಾಳಿಯಲ್ಲೇ ಸೋಪು ಸವರಿ ತೋರಿಸಿತು. "ದಿನಾ ಅದನ್ನ ಸವರೋದು ನಾನೇ. ಆವತ್ತು ನಾನು ಅವಳ ಬಟ್ಟೆ ಹಾಕ್ಕೊಂಡು ಕೂತಿದ್ದೆ. ಸೋಪಿನ ನೆನಪೇ ಇರಲಿಲ್ಲ. ತಲೆ ಬಗ್ಗಿಸಿ ಸರ ಬಿಚ್ಚೋದ್ರಲ್ಲೇ ಇದ್ದೆ, ಕನ್ನಡಿ ಕಡೆ ನೋಡಲೂ ಇಲ್ಲ."

ಪತ್ತೇದಾರನ ಹೆಬ್ಬೆರಳು ಅಲ್ಲಾಡುವುದು ನಿಂತಿತು. "ನಿಮ್ಮ ಯಜಮಾನರು ಗಮನಿಸಲಿಲ್ವಾ?"

"ಅವರ್ಯಾಕೆ ಗಮನಿಸ್ತಾರೆ? ಕನ್ನಡಿ ಕಡೆ ಅವರು ಯಾವತ್ತೂ ನೋಡಿದವರೇ ಅಲ್ಲ, ಅಕ್ಕ ಸವರಿರ್ತಾಳೆ ಅಂತ. ರೀಲು ತೊಳೆದಾಗಲೂ ಕಣ್ಣು ಬಿತ್ತೋ ಇಲ್ವೋ ಅಂತ ಅಷ್ಟೇ ನೋಡಿರ್ತಾರೆ."

"ತಾತಾ! ಇನ್ನೊಂದ್ಸಲ. ಆದಷ್ಟು ನಿಧಾನ!"

"ನಿಧಾನ ಅಂದ್ರೂ ಒಂದು ಮಿತಿ ಐತೆ ಸಾರ್," ಕಿಂಡಿ ಗೊಣಗಿತು.

ಈ ಸಲ ಇಬ್ಬರೂ ಎದ್ದು ಪರದೆಯ ಹತ್ತಿರವೇ ಹೋಗಿ ನಿಂತರು. ಬೆನ್ನು ನಿಧಾನವಾಗಿ ಅಲುಗಿತು, ಸರ ಇಳಿಯಿತು. ಮೈ ವಾಲಿತು. ಕನ್ನಡಿ ಹೊರಗೆ ಬಂತು.

ಕನ್ನಡಿಯೊಳಗೆ ಮೂರು ಕಾಲಿನ ಮೇಲೆ ನಿಂತ ಕ್ಯಾಮೆರಾ. ಅದರ ಹಿಂದೆ ಬಗ್ಗಿ ಹಿಡಿಕೆ ತಿರುಗಿಸುತ್ತಿದ್ದ ಗಂಡ. ಗಂಡನ ಭುಜದ ಮೇಲೆ ಒಂದು ಕೈ. ಆ ಕೈಯ ಹೆಂಗಸು ಅವನ ಬೆನ್ನಿಗೆ ಆತುಕೊಂಡು, ತಲೆ ಹಿಂದಕ್ಕೆ ಎಸೆದು ನಗುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ಕಪ್ಪು ಕಣ್ಣು.

ರೀಲು ಮುಗಿಯಿತು. ಬಿಳಿ ಬೆಳಕು ಇಬ್ಬರ ಮುಖದ ಮೇಲೆ ಬಿತ್ತು.

ಆವತ್ತು ಕೇಳಿಸಿದ ನಗು ಗಂಡನದಾಗಿರಲಿಲ್ಲ. ಚಿಕ್ಕವಳದು. ತಲೆನೋವೆಂದು ಮಲಗಿದ್ದವಳು ಅಲ್ಲಿ ನಿಂತು, ಗಂಡನ ಮೈಗಂಟಿಕೊಂಡು, ತಿರುಗಿ ನೋಡಿದ ಅಕ್ಕನ ಮೂತಿ ನೋಡಿ ನಕ್ಕಿದ್ದಳು. ಅಕ್ಕನ ಮೈಯೆಲ್ಲ ಉರಿದುಹೋಯಿತು. ಈಗ ಎದುರಿಗೆ ಸಿಕ್ಕಿದ್ದರೆ ತಂಗಿ ಎನ್ನುವುದನ್ನೂ ನೋಡದೆ ಕೆನ್ನೆಗೆ ಬಾರಿಸುತ್ತಿದ್ದಳು. ಸಿಗಲಿ, ಒಂದೇ ಒಂದು ಸಲ ಎದುರಿಗೆ ಸಿಗಲಿ!

"ಅಂದ್ರೆ ಆ ಹೊತ್ತಿಗೆ ಅವರು ಎಲ್ಲೂ ಹೋಗಿರಲಿಲ್ಲ," ಪತ್ತೇದಾರ ತನ್ನಷ್ಟಕ್ಕೆ ಗುನುಗುತ್ತಿದ್ದ. "ನಿಮ್ಮ ಯಜಮಾನರ ಜೊತೆಗೇ ಇದ್ದರು. ಅಮ್ಮಾ, ಮಾಲೀಕರು ನನಗೊಂದು ಹೇಳಿದ್ರು. ನಿಮ್ಮ ತಂಗಿ ಈ ಕಂಪನಿ ಬಿಟ್ಟು ದೂರ ಹೋಗೋರಿದ್ರಂತೆ, ಮಾತಾಡೋ ಚಿತ್ರಕ್ಕೆ. ದನಿ ಪರೀಕ್ಷೇನೂ ಆಗಿತ್ತಂತೆ. ಅಲ್ಲಿ ಕ್ಯಾಮೆರಾಗೆ ಅವರದೇ ಜನ ಇರ್ತಾರೆ, ಹಿಡಿಕೆ ತಿರುಗಿಸೋರು ಬೇಡ. ನಿಮ್ಮನೆಯವರಿಗೆ ಇದು ಗೊತ್ತಿತ್ತಾ?"

ಗೊತ್ತಿತ್ತೋ ಇಲ್ಲವೋ. ಒಂದು ರಾತ್ರಿ ಊಟದ ತಟ್ಟೆ ತಳ್ಳಿ ಗಂಡ ಹೇಳಿದ್ದು ಅಕ್ಕನಿಗೆ ನೆನಪಾಯಿತು. "ಆ ಮುಖ ಮಾಡಿದ್ದು ನಾನು. ಇನ್ನೊಬ್ಬ ಬಂದು ತೆಗೀತಾನಂತೆ! ಅವನಿಗೇನು ಗೊತ್ತು ಆ ಮುಖ?" ಎಂದಿದ್ದ. ಅಂದು ಅವಳಿಗೆ ಹೊಟ್ಟೆ ಉರಿದದ್ದು ಹೆಂಡತಿಯಾಗಿ. ಅವನ ಹೊಟ್ಟೆಯಲ್ಲಿ ಅದಕ್ಕಿಂತ ದೊಡ್ಡ ಬೆಂಕಿ ಇದೆಯೆಂದು ಹೊಳೆದಿರಲಿಲ್ಲ.

"ಇನ್ನೊಂದು," ಪತ್ತೇದಾರ ಅವಳ ಕಡೆ ತಿರುಗಿದ. "ಆವತ್ತು ಹಗಲಿನ ಕಾವಲುಗಾರ ಒಂದು ಮಾತು ಹೇಳಿದ್ದ. ಬಿಸಿಲು ಇಳಿಯೋ ಹೊತ್ತಿಗೆ ಕ್ಯಾಮೆರಾ ಸಾಹೇಬರು ಹೆಂಡತಿ ಜೊತೆ ಗೇಟು ದಾಟಿ ಹೋದರು, ಅಮ್ಮಾವ್ರು ಎಂದಿನಂತೆ ತಲೆ ಮೇಲೆ ಶಾಲು ಹೊದ್ದಿದ್ದರು ಅಂತ. ಆ ಮಾತಿನ ಮೇಲೇ ನಿಮ್ಮನ್ನ ನಾನು ಇಷ್ಟು ದಿನ ಮುಟ್ಟಿರಲಿಲ್ಲ."

"ನಾನು ಹೋಗಿದ್ದು ಕತ್ತಲಾದ ಮೇಲೆ. ಒಬ್ಬಳೇ. ಆಗ ರಾತ್ರಿ ಕಾವಲಿನವನು ಬಂದಿದ್ದ."

"ಹಾಗಾದ್ರೆ ಅವರ ಜೊತೆ ಹೋದದ್ದು..."

ಅಕ್ಕ ಕೇಳಿಸಿಕೊಳ್ಳುತ್ತಿರಲಿಲ್ಲ. ಕನ್ನಡಿಯೊಳಗಿನ ಹೆಂಗಸನ್ನು ಅವಳು ಕಣ್ಣಮುಂದೆ ಮತ್ತೆ ತಂದುಕೊಂಡಳು. ನಗುವ ಬಾಯಿ ನೋಡಿ ಉರಿದವಳು ಮೊದಲು ಬಟ್ಟೆ ನೋಡಿರಲಿಲ್ಲ. ಹೆಗಲ ಮೇಲೆ ಕರಿ ಶಾಲು. ಶಾಲಿನ ಅಂಚಿಗೆ ಎರಡು ಬಿಳಿ ಪಟ್ಟೆ, ಒಂದು ದಪ್ಪ, ಒಂದು ಸಣ್ಣ. ದಾರ ಸಾಲದೆ ಎರಡನೆಯದನ್ನು ಸಣ್ಣದಾಗಿ ಹೆಣೆದವಳು ತಾನೇ.

ಅವಳು ನಿಧಾನವಾಗಿ ತಲೆ ತಗ್ಗಿಸಿ ತನ್ನ ಎದೆಯ ಮೇಲೆ ನೋಡಿಕೊಂಡಳು. ಒಂದು ದಪ್ಪ ಪಟ್ಟೆ, ಒಂದು ಸಣ್ಣ ಪಟ್ಟೆ.

"ಸಾರ್," ಎಂದಳು. "ಅವಳು ಈ ಶಾಲು ಹೊದ್ಕೊಂಡು ಹೋಗಿದ್ದಳು."

"ಇದೇನಾ?"

"ಮಾರನೆ ದಿನ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಒಣಗ್ತಾ ಇತ್ತು. ಅವರೇ ಒಗೆದು ಹಾಕಿದ್ರು. ಔಷಧಿ ಚೆಲ್ಲಿತ್ತು ಅಂದ್ರು."

ಕೆನ್ನೆಗೆ ಬಾರಿಸಬೇಕೆಂದಿದ್ದ ಅವಳ ಕೈ ಶಾಲಿನ ಅಂಚನ್ನು ಹಿಡಿದುಕೊಂಡಿತು. ಬಾಚಣಿಗೆ ಚೀಲ ಎದೆಗವಚಿಕೊಂಡು ನಿಂತ ಪುಟ್ಟ ಹುಡುಗಿ, ಅಕ್ಕಾ ನನಗೆ ಹಸಿವು, ಮನೆಗೆ ಹೋಗೋಣ್ವಾ ಎಂದು ಆವತ್ತು ಪದೇ ಪದೇ ಕೇಳಿದ್ದಳು. ಅಷ್ಟು ವರ್ಷದಲ್ಲಿ ಅದು ಇಂದು ಮೊದಲ ಸಲ ನೆನಪಾಯಿತು.

ಆಗ ಬಾಗಿಲ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದ ಸದ್ದು ಕೇಳಿಸಿತು.

"ಬೆಕ್ಕೇ," ಹೊರಗಿನಿಂದ ಗಂಡನ ದನಿ. "ಸಾಹೇಬರದ್ದು ಆಯ್ತಾ? ಕರ್ಕೊಂಡು ಹೋಗೋಣ ಅಂತ ಬಂದೆ."

ಪತ್ತೇದಾರ ತುಟಿಯ ಮೇಲೆ ಬೆರಳಿಟ್ಟು, ಹೋಗಬೇಡಿ ಎಂದು ತಲೆ ಅಲ್ಲಾಡಿಸಿದ. ಅಕ್ಕ ಅವನ ಕಿವಿಯ ಹತ್ತಿರ ಬಗ್ಗಿದಳು.

"ನೀವು ಹಿಡ್ಕೊಂಡ್ರೆ ಅವರು ಬಾಯಿ ಬಿಡಲ್ಲ. ನನಗೆ ಅವರ ಸ್ವಭಾವ ಗೊತ್ತು. ಚಿಕ್ಕವಳು ಎಲ್ಲಿದ್ದಾಳೆ ಅಂತ ಆಮೇಲೆ ಯಾರು ಹೇಳ್ತಾರೆ? ನಾನು ಜೊತೆಗೆ ಹೋಗ್ತೀನಿ. ನಿಮಗೆ ಏನೂ ಗೊತ್ತಿಲ್ಲ, ನನ್ನನ್ನ ಬಿಟ್ಟುಬಿಟ್ರಿ. ಹಿಂದೇನೇ ಬನ್ನಿ."

"ಬೇಡಮ್ಮ, ಅಪಾಯ."

"ಹಿಂದೇನೇ ಬನ್ನಿ ಅಂದೆನಲ್ಲ."

ಅವಳು ಬಾಗಿಲ ಕಡೆ ನಡೆದಳು. ಕಪ್ಪು ಕನ್ನಡಕ ಕುರ್ಚಿಯ ಮೇಲೆಯೇ ಉಳಿಯಿತು. ಅಗುಳಿ ತೆಗೆಯುವ ಮೊದಲು ಶಾಲನ್ನು ಎತ್ತಿ ತಲೆಯ ಮೇಲೆ ಹೊದ್ದುಕೊಂಡು, ಎರಡು ಪಟ್ಟೆಯೂ ಎದೆಯ ಮೇಲೆ ಕಾಣುವ ಹಾಗೆ ಸರಿಮಾಡಿಕೊಂಡಳು.

ಗಂಡ ಬಾಗಿಲಲ್ಲಿ ನಗುತ್ತ ನಿಂತಿದ್ದ. ಅವಳ ಹಿಂದೆ ಪೊಲೀಸರು ಬರುತ್ತಾರೆಂದು ಕಾದಿದ್ದನೋ ಏನೋ, ಒಳಗೊಮ್ಮೆ ಇಣುಕಿದ. ಆಮೇಲೆ ಶಾಲು ನೋಡಿದ. ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು.

"ಏನಂತೆ?"

"ಏನಿಲ್ಲ ರೀ. ಹೋಗು ಅಂದ್ರು. ಮನೆಗೆ ಹೋಗೋಣ."

ಅವನು ಕೈ ಚಾಚಿ ಅವಳ ಭುಜ ಹಿಡಿದ, ಪಟ್ಟೆಯ ಮೇಲೆಯೇ. ಆ ಮನುಷ್ಯ ಮನೆಯ ಹೊರಗೆ ಅವಳನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ.

"ಗೇಟಿನ ಕಡೆಯಿಂದ ಬೇಡ ಬೆಕ್ಕೇ," ಎಂದ. "ಇವತ್ತು ಬೇರೆ ದಾರೀಲಿ ಹೋಗೋಣ. ಹೊಳೆ ಕಡೆಯಿಂದ ಸುತ್ತಿಕೊಂಡು."

"ಆಗಲಿ," ಎಂದಳು ಅಕ್ಕ.

ಇಬ್ಬರೂ ಉದ್ದನೆಯ ಪಡಸಾಲೆ ದಾಟಿ ಹಿಂಬಾಗಿಲಿಗೆ ಬಂದರು. ಅವಳು ಮೈಯೆಲ್ಲ ಕಿವಿಯಾಗಿ ಹಿಂದಿನ ಹೆಜ್ಜೆ ಸದ್ದಿಗೆ ಕಾದಳು. ಸದ್ದು ಬರಲಿಲ್ಲ. ದೂರದಲ್ಲಿ, ಕತ್ತಲೆ ಕೋಣೆಯೊಳಗಿಂದ, ಪತ್ತೇದಾರ ಮಂಡಿಯೂರಿ ಕುರ್ಚಿ ಎಳೆದಾಡುತ್ತ ತನ್ನ ಇನ್ನೊಂದು ಬೂಟು ಹುಡುಕುತ್ತಿರುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಗಂಡ ಹಿಂಬಾಗಿಲು ತೆಗೆದು, ಅವಳನ್ನು ಮುಂದೆ ಬಿಟ್ಟು, ತಾನೂ ಹೊರಗೆ ಬಂದು ಹೊರಚಿಲಕ ಹಾಕಿದ.